ಗಡಂಗು: ಮಂಡ್ಯ ಸೀಮೆಯ ಒಂದು ಪದದ ಅರ್ಥ ಮತ್ತು ಮೂಲ

ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಆಡುಮಾತಿನಲ್ಲಿ ಮದ್ಯ ಮಾರುವ ಜಾಗಕ್ಕೆ ‘ಹೆಂಡದಂಗಡಿ’, ‘ಗಡಂಗು’ ಎಂಬ ಎರಡು ಹೆಸರುಗಳಿವೆ. ಮೊದಲನೆಯದು ತನ್ನ ಅರ್ಥವನ್ನು ತಾನೇ ಹೇಳುತ್ತದೆ. ಹಕಾರ ಬಿದ್ದು ‘ಎಂಡದಂಗ್ಡಿ’ ಆಗುವ ಈ ಉಚ್ಚಾರಣೆಯನ್ನೇ ಜಿ.ಪಿ. ರಾಜರತ್ನಂ ತಮ್ಮ ರತ್ನನ ಬಾಯಿಗೆ ಕೊಟ್ಟರು. ವಿಚಾರಕ್ಕೆ ಎಡೆಕೊಡುವುದು ಎರಡನೆಯದು, ಏಕೆಂದರೆ ಅದರಲ್ಲಿ ಮದ್ಯವನ್ನು ಸೂಚಿಸುವ ಅಂಶವೇ ಇಲ್ಲ.

‘ಗಡಿಗೆ’ಯಿಂದ ಗಡಂಗು ಬಂದಿತೆನ್ನಲು ಮನಸ್ಸಾಗಬಹುದಾದರೂ ಪದಾಂತ್ಯದ ‘ಅಂಗು’ ಎಂಬ ಅನುನಾಸಿಕ ರೂಪಕ್ಕೆ ಆ ನಿಷ್ಪತ್ತಿಯಲ್ಲಿ ಸಮಾಧಾನವಿಲ್ಲ. ಸರಕು ಕೂಡಿಡುವ ಮನೆ, ಅಂದರೆ ಉಗ್ರಾಣ ಎಂಬ ಅರ್ಥದ ತಮಿಳಿನ ‘ಕಿಡಂಗು’, ತೆಲುಗಿನ ‘ಗಿಡ್ಡಂಗಿ’, ಮಲಯ ಭಾಷೆಯ ‘ಗುದಂಗ್’ ಪದಗಳೊಡನೆ ಇದರ ನಂಟು ಹೆಚ್ಚು ಸಹಜವಾಗಿದೆ. ಇಂಗ್ಲಿಷಿನ ಮೂಲಕ ಬಂದ ‘ಗೋಡೌನು’ ಸಹ ಇದೇ ಬಳಗದ್ದು.

ಉಗ್ರಾಣವು ಮದ್ಯದಂಗಡಿಯಾದ ಬಗೆಯನ್ನು ಸರಕಿನ ಸ್ವಭಾವದಿಂದ ಊಹಿಸಬಹುದು. ಈಚಲ ಮರದ ನೆತ್ತಿಯ ಕೆಳಗೆ ಕೆತ್ತಿ ಮಡಕೆ ಕಟ್ಟಿ ಇಳಿಸುವ ಹೆಂಡ, ಅಂದರೆ ಸರ್ಕಾರಿ ಕಡತಗಳ ಸೇಂದಿ, ಕೆಲವೇ ಗಂಟೆಗಳಲ್ಲಿ ಹುಳಿಯೇರುವುದರಿಂದ ಅಂದಂದೇ ಖರ್ಚಾಗಬೇಕು. ಅದಕ್ಕೆ ವನದ ಹತ್ತಿರ ಒಂದು ಚಪ್ಪರ ಸಾಕು. ಭಟ್ಟಿ ಇಳಿಸಿದ ಸಾರಾಯಿ ಕೆಡುವುದಿಲ್ಲ. ಅದನ್ನು ಗುತ್ತಿಗೆದಾರನು ಸಂಗ್ರಹಿಸಿಟ್ಟು, ಸರ್ಕಾರ ಹರಾಜಿನಲ್ಲಿ ಗೊತ್ತುಮಾಡಿದ ಜಾಗದಲ್ಲಿಯೇ ಮಾರಬೇಕಿತ್ತು. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಸ್ಥಾಪನೆಯಾಗಿ, ಕಬ್ಬಿನ ರಸ ಸಕ್ಕರೆಯಾದ ಮೇಲೆ ಉಳಿಯುವ ಕಾಕಂಬಿಯಿಂದ ಮದ್ಯಸಾರ ತೆಗೆಯುವ ಉದ್ಯಮವೂ ಬೆಳೆದ ಈ ಸೀಮೆಯಲ್ಲಿ ದಾಸ್ತಾನು ಮತ್ತು ಮಾರಾಟ ಒಂದೇ ಸೂರಿನಡಿ ಸೇರಿದ್ದು ಆಶ್ಚರ್ಯವಲ್ಲ. ಮುಂದೆ ‘ಹೆಂಡದ ಗಡಂಗು’ ಎಂಬ ಬಳಕೆಯೂ ಹುಟ್ಟಿ ಎರಡು ಹೆಸರುಗಳ ಗಡಿ ಅಳಿಸಿತು.

ಪದಕ್ಕೆ ಅಂಟಿದ ಕೀಳುಭಾವ ಮಾತ್ರ ಮೂಲಾರ್ಥದ್ದಲ್ಲ. ಹೆಂಡ ಮಾರುವ ಕಾಯಕದ ಹೆಂಡದ ಮಾರಯ್ಯನನ್ನು 12ನೆಯ ಶತಮಾನದ ವಚನಕಾರರ ಸಾಲಿನಲ್ಲಿರಿಸಿದ ನಾಡಿದು. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿ ಮಠವಿರುವ ಮಂಟೇಸ್ವಾಮಿಯ ಮೌಖಿಕ ಕಾವ್ಯದಲ್ಲಿಯೂ ಹೆಂಡವು ಶರಣರ ನಿಷ್ಠೆಯನ್ನು ಒರೆಗೆ ಹಚ್ಚುವ ವಸ್ತುವಾಗಿ ಬರುತ್ತದೆ. ಗಡಂಗಿಗೆ ಅಪಕೀರ್ತಿ ತಂದದ್ದು ಕೂಲಿಯ ಹಣ ಅಲ್ಲಿಯೇ ಕರಗಿದ ಮನೆಗಳ ಅನುಭವ.

2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ಮಾರಾಟ ನಿಂತಿತು. ಅದರೊಡನೆ ಪದದ ಬಳಕೆಯೂ ಕುಗ್ಗಿ ‘ಬಾರು’, ‘ವೈನ್‌ಶಾಪು’ ಮುಂದೆ ಬಂದಿವೆ. ಹಳೆಯ ಗುತ್ತಿಗೆ ವ್ಯವಸ್ಥೆಯನ್ನು ಕಂಡವರು ಇರುವಾಗಲೇ ಅವರ ಮಾತನ್ನು ದಾಖಲಿಸಿಕೊಳ್ಳುವ ಕೆಲಸವನ್ನು ಈ ಸೀಮೆಯ ಕನ್ನಡ ಅಧ್ಯಾಪಕರು ಕೈಗೆತ್ತಿಕೊಳ್ಳಬೇಕು.