ಕಾಳಿನೊಳಗಿನ ಬೀಗ

ಹೈದರಾಬಾದಿನ ನಾರಾಯಣಗೂಡದಲ್ಲಿ ಸರ್ಕಾರಿ ಪಶುವೈದ್ಯ ಆಸ್ಪತ್ರೆಯಿದೆ. ಅಲ್ಲಿಂದ ನಗರದ ಇನ್ನೊಂದು ಅಂಚಿಗೆ ಹೋದರೆ ರಾಜೇಂದ್ರನಗರ. ಭಾರತೀಯ ಕೃಷಿ ಸಂಶೋಧನಾ ಮಂಡಳಿಯ ಕೋಳಿ ಸಂಶೋಧನಾ ಕೇಂದ್ರ 1988ರಿಂದ ಇರುವುದು ಅಲ್ಲಿ. ಕೋಳಿಯ ಕಾಯಿಲೆಗಳಷ್ಟೇ ಹಳೆಯದಾದ ಇನ್ನೊಂದು ಪ್ರಶ್ನೆಯೂ ಈ ಊರಿನದು: ತಿಂದದ್ದರಲ್ಲಿ ಎಷ್ಟು ಮೈಗೆ ಹತ್ತುತ್ತದೆ? ಸಾಕಣೆಯ ಖರ್ಚಿನಲ್ಲಿ ಸುಮಾರು ಮೂರನೇ ಎರಡು ಪಾಲು ಮೇವಿನದೇ ಆದ್ದರಿಂದ, ರೈತನ ಲಾಭ ನಷ್ಟ ನಿಂತಿರುವುದು ಈ ಪ್ರಶ್ನೆಯ ಮೇಲೆ.

ಕಾಳು ತನ್ನ ರಂಜಕದ ಹೆಚ್ಚಿನ ಪಾಲನ್ನು ಫೈಟೇಟ್ ರೂಪದಲ್ಲಿ ಬೀಗ ಹಾಕಿ ಇಟ್ಟಿರುತ್ತದೆ. ಅದು ಮೊಳಕೆಗೆಂದು ಕೂಡಿಟ್ಟ ಬುತ್ತಿ. ಕೋಳಿಯ ಕರುಳಿನಲ್ಲಿ ಆ ಬೀಗದ ಕೈ, ಅಂದರೆ ಫೈಟೇಸ್ ಕಿಣ್ವ, ಸಾಲದು. ಹೀಗಾಗಿ ರಂಜಕ ಹಿಕ್ಕೆಯಲ್ಲಿ ಹೊರಬೀಳುತ್ತದೆ; ಹೋಗುವಾಗ ಸತು, ಸುಣ್ಣಗಳನ್ನೂ ಕಟ್ಟಿಕೊಂಡು ಹೋಗುತ್ತದೆ. ಮೂಳೆ ಗಟ್ಟಿಯಾಗಲೆಂದು ರೈತ ಮತ್ತೆ ಡೈಕ್ಯಾಲ್ಸಿಯಂ ಫಾಸ್ಫೇಟ್ ಕೊಳ್ಳಬೇಕು.

ಈ ಕಿಣ್ವವನ್ನು ಜಪಾನಿನ ಸುಜುಕಿ ಮತ್ತು ಸಂಗಡಿಗರು 1907ರಲ್ಲೇ ಅಕ್ಕಿ ತೌಡಿನಲ್ಲಿ ಗುರುತಿಸಿದ್ದರು. ಮೇವಿಗೆ ಬೆರೆಸಿದರೆ ಮರಿಗಳು ಫೈಟೇಟಿನ ರಂಜಕವನ್ನು ಬಳಸಿಕೊಳ್ಳುತ್ತವೆಂದು ಅಮೆರಿಕದ ನೆಲ್ಸನ್ ಮತ್ತು ಸಂಗಡಿಗರು 1971ರಲ್ಲಿ ತೋರಿಸಿದರು. ಆದರೂ ಮಾರುಕಟ್ಟೆಗೆ ಬಂದದ್ದು 1991ರಲ್ಲಿ, ನೆದರ್ಲೆಂಡ್ಸಿನಲ್ಲಿ. ಅಲ್ಲಿ ಅದನ್ನು ಮುಂದೆ ತಳ್ಳಿದ್ದು ಕೋಳಿಯ ಹಸಿವಲ್ಲ, ಗೊಬ್ಬರದ ರಂಜಕದಿಂದ ಕೆಡುತ್ತಿದ್ದ ನೀರು.

ಇನ್ನೊಂದು ಬಗೆಯ ಕಿಣ್ವದ ಕಥೆ ಬಾರ್ಲಿಯದು. ಬಾರ್ಲಿಯ ಬೀಟಾ ಗ್ಲೂಕಾನ್ ಕರುಳಿನಲ್ಲಿ ಗಂಜಿಯಂತೆ ಅಂಟಾಗಿ ಹೀರಿಕೆಯನ್ನು ತಡೆಯುತ್ತದೆ, ಹಿಕ್ಕೆಯೂ ಅಂಟುತ್ತದೆ. ಆ ಅಂಟನ್ನು ಕತ್ತರಿಸುವ ಕಿಣ್ವ ಯುರೋಪಿನ ಸಾಕಣೆದಾರರಿಗೆ ವರವಾಯಿತು.

ಆದರೆ ನಮ್ಮ ಕೋಳಿ ತಿನ್ನುವುದು ಬಾರ್ಲಿಯನ್ನಲ್ಲ. ದಾವಣಗೆರೆ, ಹಾವೇರಿ, ತೆಲಂಗಾಣದ ಮೆಕ್ಕೆಜೋಳ, ಅದರೊಂದಿಗೆ ಸೋಯಾ ಹಿಂಡಿ, ತೌಡು. ಮೆಕ್ಕೆಜೋಳದಲ್ಲಿ ಆ ಅಂಟು ಕಡಿಮೆ. ಕಿಣ್ವ ಆರಿಸಿ ಕೆಲಸ ಮಾಡುವ ಕೂಲಿ. ಒಡೆಯಬೇಕಾದ ವಸ್ತುವೇ ಮೇವಿನಲ್ಲಿಲ್ಲದಿದ್ದರೆ ಅದಕ್ಕೆ ಕೊಟ್ಟ ಹಣ ನೀರುಪಾಲು. ಉಂಡೆ ಮೇವು ತಯಾರಿಸುವಾಗಿನ ಬಿಸಿಗೆ ಕಿಣ್ವ ಸತ್ತರೂ ಅಷ್ಟೇ.

ಆದ್ದರಿಂದ ಪ್ರಶ್ನೆಯನ್ನು ಇಲ್ಲಿನ ಕಾಳಿಗೇ ಕೇಳಬೇಕಿತ್ತು. ರಾಜೇಂದ್ರನಗರದ ವಿಜ್ಞಾನಿಗಳು 2004ರಲ್ಲಿ ಪ್ರಕಟಿಸಿದ ಅಧ್ಯಯನ ಅದನ್ನೇ ಕೇಳಿತು: ಕಿಣ್ವ ಬೆರೆಸಿದ ಮೇವಿನಲ್ಲಿ ಹಳದಿ ಮೆಕ್ಕೆಜೋಳದ ಜಾಗಕ್ಕೆ ಸಜ್ಜೆ, ನವಣೆ, ರಾಗಿ ಬಂದರೆ ಮಾಂಸದ ಕೋಳಿ ಹೇಗೆ ಬೆಳೆಯುತ್ತದೆ?

ಇಂದು ಮೆಕ್ಕೆಜೋಳಕ್ಕೆ ಎಥೆನಾಲ್ ಕಾರ್ಖಾನೆಯೂ ಪೈಪೋಟಿಗೆ ನಿಂತಿದೆ. ಬೆಲೆ ಏರಿದಾಗ ಸಣ್ಣ ಸಾಕಣೆದಾರನ ಮುಂದಿರುವ ದಾರಿ ಎರಡೇ: ಬೇರೆ ಕಾಳು ಹುಡುಕುವುದು, ಇಲ್ಲವೇ ಇರುವ ಕಾಳಿನಿಂದಲೇ ಹೆಚ್ಚು ಪಡೆಯುವುದು. ಒಣಭೂಮಿಯ ಸಜ್ಜೆ ನವಣೆಗಳಿಗೆ ಸರಿಯಾದ ಕೀಲಿ ಹೊಂದಿದರೆ, ಎರಡೂ ದಾರಿ ಒಂದೇ ಆಗುತ್ತದೆ.