ಹೀಬ್ರೂ ‘ಬಾರಾ’ ಧಾತುವಿನ ಅರ್ಥವಿಚಾರ

ಹೀಬ್ರೂ ಧರ್ಮಗ್ರಂಥದ ಮೊದಲನೆಯ ವಾಕ್ಯದಲ್ಲಿ ಎರಡನೆಯ ಪದ ‘ಬಾರಾ’. ಇದಕ್ಕೆ ‘ಸೃಷ್ಟಿಸಿದನು’ ಎಂದು ಅರ್ಥ ಹೇಳುವುದು ರೂಢಿ. ದೇವರು ಶೂನ್ಯದಿಂದ ಜಗತ್ತನ್ನು ಉಂಟುಮಾಡಿದನೆಂಬ ಸಿದ್ಧಾಂತಕ್ಕೆ ಈ ಪದವನ್ನೇ ಆಧಾರವಾಗಿ ತೋರಿಸುವುದೂ ರೂಢಿ. ಒಂದು ಧಾತುವು ಇಷ್ಟು ಭಾರವನ್ನು ಹೊರಬಲ್ಲುದೇ ಎಂಬುದನ್ನು ಪ್ರಯೋಗಗಳೇ ಹೇಳಬೇಕು.

ಸೃಷ್ಟ್ಯರ್ಥದಲ್ಲಿ ಈ ಧಾತು ಸುಮಾರು 48 ಸಲ ಬಂದಿದೆ. ಒಂದೆಡೆಯಲ್ಲಿಯೂ ಮನುಷ್ಯನು ಇದರ ಕರ್ತೃವಲ್ಲ. ಕುಂಬಾರನಂತೆ ರೂಪಿಸುವುದಕ್ಕೆ ‘ಯಾತ್ಸರ್’ ಎಂಬ ಧಾತುವುಂಟು, ಮಾಡುವುದಕ್ಕೆ ‘ಆಸಾ’ ಉಂಟು. ಇವು ಮನುಷ್ಯನಿಗೂ ದೇವರಿಗೂ ಸಲ್ಲುತ್ತವೆ. ‘ಬಾರಾ’ ದೇವರೊಬ್ಬನಿಗೇ ಮೀಸಲು. ಇಂಥ ದ್ರವ್ಯದಿಂದ ಎಂದು ಉಪಾದಾನವನ್ನು ಅದರೊಡನೆ ಹೇಳುವ ವಾಡಿಕೆಯೂ ಇಲ್ಲ. ಆದರೆ ಹೇಳದಿರುವುದು ಬೇರೆ, ಇಲ್ಲವೆನ್ನುವುದು ಬೇರೆ. ಆದಿಕಾಂಡ 1:27 ಮನುಷ್ಯನ ವಿಷಯದಲ್ಲಿ ‘ಬಾರಾ’ ಎನ್ನುತ್ತದೆ. 2:7 ಅವನನ್ನು ನೆಲದ ಮಣ್ಣಿನಿಂದ ರೂಪಿಸಿದನೆನ್ನುತ್ತದೆ. ಇವೆರಡೂ ಬೇರೆ ಬೇರೆ ಕೈಗಳ ಬರಹವೆಂದು ಆಧುನಿಕ ವಿದ್ವಾಂಸರಲ್ಲಿ ಬಹುಮಂದಿಯ ಮತ. ಹಾಗಿದ್ದರೂ, ಅವನ್ನು ಒಂದೆಡೆ ಜೋಡಿಸಿದವರಿಗೆ ಅಲ್ಲಿ ವಿರೋಧ ಕಾಣಲಿಲ್ಲ.

ಈ ಧಾತು ಅತ್ಯಂತ ದಟ್ಟವಾಗಿ ಬರುವುದು ಯೆಶಾಯನ 40ರಿಂದ 55ರವರೆಗಿನ ಅಧ್ಯಾಯಗಳಲ್ಲಿ. ಒಟ್ಟು ಪ್ರಯೋಗಗಳ ಮೂರನೆಯ ಒಂದು ಪಾಲು ಅಲ್ಲಿಯೇ ಇದೆ. ಈ ಭಾಗ ಕ್ರಿ.ಪೂ. 6ನೆಯ ಶತಮಾನದ್ದೆಂದು ಸಾಮಾನ್ಯವಾಗಿ ಒಪ್ಪಲಾಗಿದೆ. ಕ್ರಿ.ಪೂ. 586ರ ಸುಮಾರಿಗೆ ಯೆರೂಸಲೇಮು ಬಿದ್ದಿತು, ದೇವಾಲಯ ಸುಟ್ಟುಹೋಯಿತು, ಜನರು ಬಾಬಿಲೋನಿಗೆ ಸೆರೆಹೋದರು. ಆ ನಗರದಲ್ಲಿ ಆಕಾಶಭೂಮಿಗಳನ್ನು ನಿರ್ಮಿಸಿದ ಕೀರ್ತಿ ಮರ್ದೂಕನದು. ಸೋತ ಜನರ ದೇವರೂ ಸೋತನೇ ಎಂಬ ಸಂದೇಹಕ್ಕೆ ಪ್ರವಾದಿಯು ಈ ಧಾತುವಿನಿಂದ ಉತ್ತರವಿತ್ತನು. 43:1ರಲ್ಲಿ ಅದರ ಕರ್ಮ ಯಾಕೋಬನ ಜನಾಂಗ. ಆ ಜನಾಂಗವೋ ತಂದೆತಾಯಿಗಳಿಗೆ ಹುಟ್ಟಿ ಬೆಳೆದದ್ದು, ಶೂನ್ಯದಿಂದ ಬಂದದ್ದಲ್ಲ. 45:7ರಲ್ಲಿ ಕತ್ತಲೆಯೇ ಕರ್ಮ. ಏತರಿಂದ ಎಂಬ ಪ್ರಶ್ನೆಯನ್ನು ಪ್ರವಾದಿ ಎತ್ತುವುದೇ ಇಲ್ಲ. ಯಾರಿಂದ ಎಂಬುದೊಂದೇ ಅವನ ಚಿಂತೆ.

ಕ್ರಿ.ಪೂ. 3ನೆಯ ಶತಮಾನದ ಗ್ರೀಕ್ ಭಾಷಾಂತರಕಾರರು ಆದಿಕಾಂಡದ ಮೊದಲ ವಾಕ್ಯದಲ್ಲಿ ‘ಮಾಡಿದನು’ ಎಂಬ ಸಾಮಾನ್ಯ ಪದವನ್ನೇ ಇಟ್ಟರು. ‘ಆಸಾ’ಕ್ಕೂ ಅದೇ ಪದವಾದುದರಿಂದ ಮೂಲದ ಮೀಸಲು ಅಲ್ಲಿಗೆ ಅಳಿಸಿಹೋಯಿತು. ಲ್ಯಾಟಿನ್ನಿನಲ್ಲಿ ಜೆರೋಮನು ಬಳಸಿದ ‘ಕ್ರೆಯಾರೆ’ ಧಾತುವಾದರೋ ರೋಮಿನಲ್ಲಿ ಕಾನ್ಸಲರನ್ನು ಚುನಾಯಿಸುವುದಕ್ಕೂ ಸಲ್ಲುತ್ತಿದ್ದ ಪದ! ಇರುವ ವಸ್ತುಗಳಿಂದ ದೇವರು ಮಾಡಲಿಲ್ಲವೆಂಬ ಸ್ಪಷ್ಟೋಕ್ತಿ ದೊರೆಯುವುದು ಗ್ರೀಕಿನಲ್ಲಿ ರಚಿತವಾದ ಎರಡನೆಯ ಮಕ್ಕಬಿಯರ ಗ್ರಂಥದಲ್ಲಿ (7:28).

ಯೆಹೂದಿ ವ್ಯಾಖ್ಯಾನಕಾರರೂ ಒಮ್ಮತದವರಲ್ಲ. 12ನೆಯ ಶತಮಾನದ ಇಬ್ನ್ ಎಜ್ರಾ, ಆದಿಕಾಂಡ 1:21ರ ಮಹಾಜಲಚರಗಳ ಮೇಲೂ ಇದೇ ಧಾತು ಬಂದಿದೆಯೆಂದು ತೋರಿಸಿ ಶೂನ್ಯದ ಅರ್ಥವನ್ನು ನಿರಾಕರಿಸಿದನು; 13ನೆಯ ಶತಮಾನದ ನಹ್ಮಾನಿಡೀಸನು ಅದನ್ನೇ ಸಮರ್ಥಿಸಿದನು. ವ್ಯಾಕರಣದಲ್ಲಿ ಇಬ್ನ್ ಎಜ್ರಾನ ಪಕ್ಷವೇ ಬಲವಾದುದು. 2009ರಲ್ಲಿ ಡಚ್ ವಿದುಷಿ ಎಲೆನ್ ವಾನ್ ವೋಲ್ಡೆ ಈ ಧಾತುವಿಗೆ ‘ಬೇರ್ಪಡಿಸು’ ಎಂಬ ಅರ್ಥವನ್ನು ಸೂಚಿಸಿದರು. ಅದು ಹೆಚ್ಚಿನ ಮನ್ನಣೆ ಪಡೆಯಲಿಲ್ಲ. ಜನಾಂಗವನ್ನಾಗಲಿ, ಕೀರ್ತನೆ 51ರ ಶುದ್ಧಹೃದಯವನ್ನಾಗಲಿ ಬೇರ್ಪಡಿಸುವುದೆಂದರೆ ಅರ್ಥ ಕೂಡಿಬರುವುದೂ ಕಷ್ಟ.

ಕನ್ನಡದಲ್ಲಿ ‘ಸೃಷ್ಟಿ’ ಎನ್ನುವಾಗಲೂ ಒಂದು ಎಚ್ಚರ ಬೇಕು. ಅದರ ಮೂಲವಾದ ‘ಸೃಜ್’ ಧಾತುವಿಗೆ ಬಿಡು, ಹೊರಸೂಸು ಎಂದರ್ಥ. ‘ವಿಸರ್ಜನೆ’ಯೂ ಅದರಿಂದಲೇ ಬಂದದ್ದು. ಮುಂಡಕೋಪನಿಷತ್ತಿನ ಜೇಡವು ನೂಲನ್ನು ಹೊರಬಿಡುವುದು ಈ ಧಾತುವಿನಿಂದ. ಅಲ್ಲಿ ಉಪಾದಾನ ಜೇಡದ ಒಡಲಲ್ಲಿಯೇ ಇದೆ. ‘ಬಾರಾ’ದಲ್ಲಿ ಆ ಒಡಲಿನ ಸುಳಿವಿಲ್ಲ.