ಹತ್ತು ಫೋಟೋಗೆ ಒಂದು ಬ್ಯಾಟರಿ

ಹಾಳೆಯಂತೆ ತೆಳ್ಳಗಿರುವ ಬ್ಯಾಟರಿ ಅಂದ್ರೆ ಮೊನ್ನೆ ಮೊನ್ನೆ ಹುಟ್ಟಿದ ಸ್ಟಾರ್ಟಪ್ ಐಡಿಯಾ ಅನ್ನಿಸುತ್ತೆ, ಅಲ್ವಾ? ಆದರೆ ಅಂಥದ್ದೊಂದು 1972ರಲ್ಲೇ ಅಮೆರಿಕದ ಅಂಗಡಿಗಳಿಗೆ ಬಂದಿತ್ತು. ಕೊಂಡವರಲ್ಲಿ ಬಹಳ ಜನ ಅದನ್ನು ಗಮನಿಸಲೇ ಇಲ್ಲ. ಗಮನಿಸುವ ಗೋಜೇ ಇರಬಾರದು ಅನ್ನೋದೇ ಲೆಕ್ಕಾಚಾರವಾಗಿತ್ತು.

ಪೋಲರಾಯ್ಡ್ ಕಂಪನಿಯ ಎಡ್ವಿನ್ ಲ್ಯಾಂಡ್ ಆ ವರ್ಷ ಎಸ್‌ಎಕ್ಸ್-70 ಕ್ಯಾಮೆರಾ ತಂದರು. ಮಡಚಿದರೆ ಕೋಟಿನ ಜೇಬಿಗೆ ಹಿಡಿಸುವಂಥದ್ದು. ಬಟನ್ ಒತ್ತಿದರೆ ಮೋಟರ್ ಓಡಿ ಫೋಟೋ ಹೊರಗೆ ಬರುತ್ತಿತ್ತು, ಕಣ್ಣೆದುರೇ ಬಣ್ಣ ಮೂಡುತ್ತಿತ್ತು. ಮೋಟರ್‌ಗೂ ಬೆಳಕು ಅಳೆಯುವ ಸರ್ಕ್ಯೂಟ್‌ಗೂ ಕರೆಂಟ್ ಬೇಕಲ್ಲ? ಗುಂಡನೆಯ ಸೆಲ್ ಹಾಕಿದರೆ ಕ್ಯಾಮೆರಾ ದಪ್ಪ ಆಗುತ್ತೆ. ಕೇಕ್ ಕತ್ತರಿಸೋ ಹೊತ್ತಿಗೆ ಸೆಲ್ ಕೈಕೊಟ್ಟರೆ ಫೋಟೋನೂ ಇಲ್ಲ.

ಅದಕ್ಕೆ ಬ್ಯಾಟರಿಯನ್ನು ಕ್ಯಾಮೆರಾದಿಂದ ತೆಗೆದು ಫಿಲ್ಮ್ ಪ್ಯಾಕ್‌ನ ತಳದಲ್ಲಿ ಇಟ್ಟರು. ಹತ್ತು ಫೋಟೋಗೆ 6 ವೋಲ್ಟಿನ ಒಂದು ಚಪ್ಪಟೆ ಬ್ಯಾಟರಿ. ಹೊಸ ಫಿಲ್ಮ್ ಹಾಕಿದರೆ ಹೊಸ ಬ್ಯಾಟರಿನೂ ಬಂತು.

ಒಳಗಿನ ರಸಾಯನ ಮಾತ್ರ ಹಳೇದು. ಫ್ರಾನ್ಸಿನ ಜಾರ್ಜ್ ಲೆಕ್ಲಾಂಶೆ 1866ರಲ್ಲಿ ಕೊಟ್ಟ ಸತು ಮತ್ತು ಮ್ಯಾಂಗನೀಸ್ ಡೈಆಕ್ಸೈಡ್ ಜೋಡಿ, ನಮ್ಮ ಟಾರ್ಚ್ ಸೆಲ್‌ನಲ್ಲಿ ಇರೋದೇ. ಒಂದೊಂದು ಪದರ 1.5 ವೋಲ್ಟ್. ನಾಲ್ಕನ್ನು ಒಂದರ ಮೇಲೊಂದು ಇಟ್ಟರೆ 6.

ಆದರೆ ಈ ಅನುಕೂಲಕ್ಕೆ ಬೆಲೆ ಇತ್ತು. ಪ್ಯಾಕ್ ಬಹಳ ದಿನ ಕೂತು ಬ್ಯಾಟರಿ ಸತ್ತರೆ ಹತ್ತೂ ಫೋಟೋ ದಂಡ. ಚೆನ್ನಾಗಿದ್ದರೆ ಇನ್ನೊಂದು ಕಥೆ: ಹತ್ತು ಫೋಟೋ ಮುಗಿದ ಮೇಲೂ ಅದರಲ್ಲಿ ಕರೆಂಟ್ ಉಳಿದಿರುತ್ತಿತ್ತು. ಎಲೆಕ್ಟ್ರಾನಿಕ್ಸ್ ಹುಚ್ಚಿನ ಹುಡುಗರು ಅದನ್ನು ಬಿಚ್ಚಿ ತಮ್ಮ ಸರ್ಕ್ಯೂಟ್‌ಗೆ ಬಳಸಿಕೊಂಡರು. ಮಿಕ್ಕವರು ಖಾಲಿ ಪ್ಯಾಕ್ ಜೊತೆ ಅದನ್ನೂ ಕಸಕ್ಕೆ ಹಾಕಿದರು.

ಇವತ್ತು ಅದೇ ಸತು, ಅದೇ ಮ್ಯಾಂಗನೀಸ್ ಶಾಯಿಯಾಗಿವೆ. ಟೀ ಶರ್ಟ್ ಮೇಲೆ ಚಿತ್ರ ಒತ್ತುವ ಹಾಗೆ ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ ಪ್ಲಾಸ್ಟಿಕ್ ಹಾಳೆ ಮೇಲೆ ಬ್ಯಾಟರಿ ಅಚ್ಚಾಗುತ್ತೆ. ಮೈಗೆ ಅಂಟಿಸಿಕೊಳ್ಳುವ ಪ್ಯಾಚ್, ಪಾರ್ಸೆಲ್ ಮೇಲಿನ ಸೆನ್ಸರ್ ಲೇಬಲ್ ಇಂಥವಕ್ಕೆ ಸಾಕು. ಹೆಚ್ಚಿನವು ಒಂದೇ ಸಲದ ಬಳಕೆಗೆ.

ನಮ್ಮ ದೇಶದ 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ಯಾವ ಆಕಾರದ ಬ್ಯಾಟರಿಯನ್ನೂ ಬಿಟ್ಟಿಲ್ಲ, ಹೊಣೆ ತಯಾರಕರದ್ದೇ ಅನ್ನುತ್ತವೆ. ಸರಿ, ಆದರೆ ಲೇಬಲ್‌ಗೆ ಅಂಟಿಕೊಂಡ ಬ್ಯಾಟರಿಯನ್ನು ಕಸದಿಂದ ಕಿತ್ತು ತೆಗೆಯೋರು ಯಾರು?

ಪೋಲರಾಯ್ಡ್ ಹೆಸರಿನಲ್ಲಿ 2017ರಲ್ಲಿ ಬಂದ ಹೊಸ ಕ್ಯಾಮೆರಾದಲ್ಲಿ ಚಾರ್ಜ್ ಮಾಡುವ ಬ್ಯಾಟರಿ ಒಳಗೇ ಇದೆ. ಅದರ ಫಿಲ್ಮ್ ಪ್ಯಾಕ್‌ನಲ್ಲಿ ಬ್ಯಾಟರಿ ಇಲ್ಲ, ಬೆಲೆಯೂ ಕಡಿಮೆ. ಕಣ್ಣಿಗೆ ಬೀಳದ ಬ್ಯಾಟರಿಯಿಂದ ಕೈ ಬಿಡಿಸಿಕೊಳ್ಳೋಕೆ 45 ವರ್ಷ ಹಿಡಿಯಿತು.